ಫೋನಿನ ಆ್ಯಪ್‌ನಲ್ಲಿ ಟಿವಿ ಮಟ್ಟದ ಕಾರ್ಟೂನ್ ಮಾಡೋಕಾಗುತ್ತಾ?

ಇವತ್ತು ಕೋಡಿಂಗ್ ಬಿಟ್ಟು ಕಾರ್ಟೂನ್ ಬಗ್ಗೆ ಮಾತಾಡೋಣ. ಮಾದಾಪುರದಲ್ಲಿ ನನ್ನ ಸುತ್ತ ಇರೋ ಕನ್ನಡದವರಲ್ಲಿ ಮೂರ್ನಾಲ್ಕು ಜನ ಒಂದೇ ಪ್ರಶ್ನೆ ಕೇಳಿದ್ದಾರೆ. "ಮಗುಗೆ ಕನ್ನಡದಲ್ಲಿ ಒಂದು ಕಾರ್ಟೂನ್ ಮಾಡ್ಬೇಕು ಅಂತ ಆಸೆ. ಸುಲಭದ ಆ್ಯಪ್‌ನಲ್ಲಿ ಮಾಡಿದ್ರೆ ಟಿವಿ ಥರ ಬರುತ್ತಾ, ಇಲ್ಲಾ ಅಮೀರ್‌ಪೇಟೆಗೆ ಹೋಗಿ ದುಡ್ಡು ಕಟ್ಟಿ ಕೋರ್ಸ್ ಮಾಡ್ಬೇಕಾ?"

ಈ ಆಸೆ ಎಲ್ಲಿಂದ ಬಂತು ಅಂತ ನಿಮಗೆ ಹೇಳ್ಬೇಕಿಲ್ಲ. ನಮ್ಮ ಮಕ್ಕಳಿಗೆ ಅಪಾರ್ಟ್‌ಮೆಂಟ್ ಕೆಳಗೆ ತೆಲುಗು, ಸ್ಕೂಲಲ್ಲಿ ಇಂಗ್ಲಿಷು, ಟಿವಿಯಲ್ಲಿ ಹಿಂದಿ. ಕನ್ನಡ ಉಳಿದಿರೋದು ಅಜ್ಜಿಯ ವಿಡಿಯೋ ಕಾಲ್‌ನಲ್ಲಿ. ನನ್ನ ಮಗಳೂ ಹಾಗೇ. ಅದಕ್ಕೇ ನಾನೂ ಕೈ ಹಾಕಿದ್ದು.

ಉತ್ತರಕ್ಕೆ ದೂರ ಹೋಗ್ಬೇಕಾಗಿಲ್ಲ. ‘ಛೋಟಾ ಭೀಮ್’ ಇದೇ ಊರಿಂದು. ರಾಜೀವ್ ಚಿಲಕ ಅವರು 2001ರಲ್ಲಿ ಹೈದರಾಬಾದ್‌ನಲ್ಲಿ ಶುರು ಮಾಡಿದ ಗ್ರೀನ್ ಗೋಲ್ಡ್ ಅನಿಮೇಷನ್ ಕಂಪನಿ ಅದನ್ನ ಮಾಡ್ತು, 2008ರಲ್ಲಿ ಪೋಗೋ ಚಾನೆಲ್‌ನಲ್ಲಿ ಬಂತು. ಅದನ್ನ ಮಾಡಿದ್ದು ಫ್ಲ್ಯಾಶ್‌ನಲ್ಲಿ. ಹೌದು, ನಮ್ಮಲ್ಲಿ ಎಷ್ಟೋ ಜನ ಕಾಲೇಜು ದಿನಗಳಲ್ಲಿ ಬ್ಯಾನರ್ ಕುಣಿಸೋಕೆ, ಆಟ ಮಾಡೋಕೆ ಬಳಸ್ತಿದ್ದ ಅದೇ ಫ್ಲ್ಯಾಶ್. ಆ ಕಾಲಕ್ಕೆ ಅದೇ ಸುಲಭದ ಸಾಫ್ಟ್‌ವೇರ್. ಉಲ್ಟಾ ಉದಾಹರಣೆನೂ ಇದೆ. ಅಮೆರಿಕದ ‘ಸೌತ್ ಪಾರ್ಕ್’ 1997ರಲ್ಲಿ ಕತ್ತರಿಸಿದ ಕಾಗದದ ಗೊಂಬೆಗಳಿಂದ ಶುರುವಾಯ್ತು. ಆಮೇಲೆ ಅವರು ಮಾಯಾ ಅನ್ನೋ ದುಬಾರಿ ತ್ರೀ-ಡಿ ಸಾಫ್ಟ್‌ವೇರ್‌ಗೆ ಹೋದ್ರು, ಅದೇ ಕತ್ತರಿಸಿದ ಕಾಗದದ ಥರ ಕಾಣಿಸೋಕೆ!

ಅಂದ್ರೆ ನೋಡುವವನ ಕಣ್ಣಿಗೆ ಸಾಫ್ಟ್‌ವೇರ್ ಕಾಣಲ್ಲ. ಹಾಗಾದ್ರೆ ಸ್ಟುಡಿಯೋಗಳು ಟೂನ್ ಬೂಮ್ ಹಾರ್ಮನಿಗೆ ಯಾಕೆ ಅಷ್ಟು ದುಡ್ಡು ಕೊಡ್ತಾವೆ? ನಮ್ಮ ಭಾಷೆಯಲ್ಲಿ ಹೇಳ್ಬೇಕಂದ್ರೆ, ಮೇಂಟೆನೆನ್ಸ್‌ಗೆ. ಹುಡುಗನ ಅಂಗಿ ನೀಲಿ ಬೇಡ, ಹಸಿರು ಬೇಕು ಅಂತ ಕ್ಲೈಂಟ್ ಹೇಳ್ತಾನೆ. ಹಾರ್ಮನಿಯಲ್ಲಿ ಬಣ್ಣ ಒಂದು ಪ್ಯಾಲೆಟ್‌ಗೆ ಕಟ್ಟಿರುತ್ತೆ, ಅಲ್ಲಿ ಬದಲಾಯಿಸಿದ್ರೆ ಅದನ್ನ ಬಳಸಿದ ಕಡೆಯೆಲ್ಲ ಬದಲಾಗುತ್ತೆ. ಫೋನಿನ ಫ್ಲಿಪಾಕ್ಲಿಪ್‌ನಲ್ಲಿ ಒಂದೊಂದು ಫ್ರೇಮ್‌ಗೂ ಮತ್ತೆ ಬಣ್ಣ ತುಂಬಬೇಕು. ಹಾರ್ಡ್‌ಕೋಡ್ ಮಾಡಿದ ವ್ಯಾಲ್ಯೂ ಮತ್ತು ಕಾನ್ಫಿಗ್ ಫೈಲ್ ನಡುವಿನ ವ್ಯತ್ಯಾಸ ಇದು. ಐವತ್ತು ಎಪಿಸೋಡ್ ಮಾಡೋವ್ರಿಗೆ ಇದು ಜೀವನ್ಮರಣದ ಪ್ರಶ್ನೆ. ಎರಡು ನಿಮಿಷದ ಕಥೆ ಮಾಡೋ ನಿಮಗೆ ಅಲ್ಲ.

ಈಗ ಸ್ವಲ್ಪ ಲೆಕ್ಕ. ಸೆಕೆಂಡಿಗೆ 24 ಫ್ರೇಮ್. ಒಂದು ಚಿತ್ರವನ್ನ ಎರಡು ಫ್ರೇಮ್ ಹಿಡಿಯೋದು ರೂಢಿ, ಹಾಗಾಗಿ ಸೆಕೆಂಡಿಗೆ 12 ಚಿತ್ರ, ಎರಡು ನಿಮಿಷಕ್ಕೆ 1,440. ಒಂದಕ್ಕೆ ಕಾಲು ಗಂಟೆ ಅಂದ್ರೂ 360 ಗಂಟೆ. ಶನಿವಾರ ನಾಲ್ಕು, ಭಾನುವಾರ ನಾಲ್ಕು ಗಂಟೆ ಕೂತ್ರೆ 45 ವಾರ. ಅಷ್ಟರಲ್ಲಿ ಮಗು ಮುಂದಿನ ಕ್ಲಾಸಿಗೆ ಹೋಗಿರುತ್ತೆ. ಅದಕ್ಕೇ ಕೈ, ಕಾಲು, ತಲೆ ಬೇರೆ ಬೇರೆ ಮಾಡಿ ಕೀಲು ಹಾಕಿ ಆಡಿಸೋ ವಿಧಾನ, ರಿಗ್ ಅಂತಾರೆ. ನಮ್ಮ ತೊಗಲುಗೊಂಬೆ ಕಟ್ಟೋದೂ ಹೀಗೇ ಅಲ್ವಾ? ಹಾಗೆ ಮಾಡಿದ್ದಕ್ಕೆ ನನ್ನ ಎರಡು ನಿಮಿಷ ಹದಿನಾಲ್ಕು ವೀಕೆಂಡ್‌ಗೆ ಮುಗೀತು.

ಅದರಲ್ಲಿ ಐದು ವೀಕೆಂಡ್ ತಿಂದಿದ್ದು ಬಾಯಿ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಯಾವ ಇಂಗ್ಲಿಷ್ ಟ್ಯುಟೋರಿಯಲ್‌ನಲ್ಲೂ ನನಗಿದು ಸಿಗಲಿಲ್ಲ. ರೂಬಾರ್ಬ್ ಲಿಪ್ ಸಿಂಕ್ ಅಂತ ಒಂದು ಫ್ರೀ ಟೂಲ್ ಇದೆ. ಆಡಿಯೋ ಕೊಟ್ರೆ ಯಾವ ಕ್ಷಣಕ್ಕೆ ಯಾವ ಬಾಯಿ ಆಕಾರ ಅಂತ ಪಟ್ಟಿ ಕೊಡುತ್ತೆ. ಆದ್ರೆ ಅದರ ಡೀಫಾಲ್ಟ್ ಇಂಗ್ಲಿಷ್. ಹಾಗೇ ಓಡಿಸಿದೆ, ನನ್ನ ಅಜ್ಜಿ ಪಾತ್ರ ಡಬ್ಬಿಂಗ್ ಸಿನಿಮಾದ ವಿಲನ್ ಥರ ಬಾಯಿ ಬಡಿದುಕೊಂಡ್ಲು. ಅದರಲ್ಲಿ ಫೊನೆಟಿಕ್ ಅಂತ ಇನ್ನೊಂದು ಮೋಡ್ ಇದೆ, ಭಾಷೆಯ ಹಂಗಿಲ್ಲದ್ದು. ಅದು ಎಷ್ಟೋ ವಾಸಿ. ಉಳಿದಿದ್ದನ್ನ ಕೈಯಲ್ಲೇ ತಿದ್ದಬೇಕು. ಏನು ತಿದ್ದೋದು? ನಮ್ಮ ಆಡುಮಾತಿನ ಪದಗಳು ಬಹುತೇಕ ಸ್ವರದಲ್ಲಿ ಮುಗೀತಾವೆ, ಹಾಗಾಗಿ ಮಾತಿನ ಕೊನೆಗೆ ಬಾಯಿ ಪಟ್ ಅಂತ ಮುಚ್ಚಬಾರದು, ನಿಧಾನಕ್ಕೆ ಇಳೀಬೇಕು. ಇನ್ನೊಂದು ಒತ್ತಕ್ಷರ. ‘ಅಪ್ಪ’, ‘ಹಬ್ಬ’, ‘ಅಮ್ಮ’ ಅನ್ನಿ ನೋಡೋಣ, ತುಟಿ ಒಂದು ಕ್ಷಣ ಹಿಡಿದು ನಿಲ್ಲುತ್ತೆ. ಟೂಲ್ ಎರಡೇ ಫ್ರೇಮ್ ಕೊಟ್ಟಿತ್ತು, ನಾನು ನಾಲ್ಕು ಮಾಡಿದೆ. ಅಷ್ಟಕ್ಕೇ ಪಾತ್ರ ಕನ್ನಡ ಮಾತಾಡೋಕೆ ಶುರು ಮಾಡ್ತು.

ಸೀರೆ ಇನ್ನೊಂದು ತಲೆನೋವು. ರೆಡಿಮೇಡ್ ಪಾತ್ರ ಕೊಡೋ ಸಾಫ್ಟ್‌ವೇರ್‌ಗಳು, ಅಂದ್ರೆ ನಮ್ಮ ಆಫೀಸಿನ ಕಂಪ್ಲೈಯನ್ಸ್ ಟ್ರೇನಿಂಗ್ ವಿಡಿಯೋದಲ್ಲಿ ಬರೋ ಬೆರಳು ತೋರಿಸೋ ಮಹಾನುಭಾವರು, ಪ್ಯಾಂಟು ಹಾಕಿದ ಎರಡು ಕಾಲಿನ ಲೆಕ್ಕದಲ್ಲಿ ನಡೀತಾರೆ. ಸೀರೆ ಉಟ್ಟವರ ನಡಿಗೆ ಕಾಣೋದು ನೆರಿಗೆಯಲ್ಲಿ, ಅಂಚಿನಲ್ಲಿ. ಕಾಲು ತೆಗೆದುಹಾಕಿ ನೆರಿಗೆಯ ನಾಲ್ಕು ಚಿತ್ರ ಬರೆದು ಸುತ್ತಿಸಿದೆ, ಸರಿಹೋಯ್ತು. ಹಾಂ, ಕನ್ನಡ ಅಕ್ಷರ ಟೈಪ್ ಮಾಡಿದ್ರೆ ಒತ್ತು ಚೆಲ್ಲಾಪಿಲ್ಲಿ ಆಗೋ ಸಾಫ್ಟ್‌ವೇರ್ ಇನ್ನೂ ಇವೆ. ಇಂಕ್‌ಸ್ಕೇಪ್‌ನಲ್ಲಿ ಬರೆದು ಪಾತ್ ಮಾಡಿ ತನ್ನಿ.

‘ಫ್ಲೋ’ ಸಿನಿಮಾ ಬ್ಲೆಂಡರ್‌ನಲ್ಲಿ ಮಾಡಿ ಆಸ್ಕರ್ ಗೆದ್ದಿಲ್ವಾ ಅಂತ ಕೇಳ್ತೀರಿ. ಗೆದ್ದಿದೆ, 2025ರಲ್ಲಿ, ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಅವರ ಚಿತ್ರ. ಆದ್ರೆ ಬ್ಲೆಂಡರ್ ಫ್ರೀ, ಸುಲಭ ಅಲ್ಲ. ನಾವು ಈ ಎರಡನ್ನೂ ಒಂದೇ ಅಂದ್ಕೊಳ್ತೀವಿ. ಘಿಬ್ಲಿ ಸ್ಟುಡಿಯೋ ಬಳಸಿದ ಟೂನ್ಜ್ 2016ರಲ್ಲಿ ಓಪನ್‌ಟೂನ್ಜ್ ಆಗಿ ಫ್ರೀ ಆಯ್ತು. ತೆರೆದು ನೋಡಿ, ಮೊದಲ ಗೆರೆ ಎಳೆಯೋಕೇ ಅರ್ಧ ದಿನ ಬೇಕು. ‘ಫ್ಲೋ’ ಹಿಂದೆನೂ ಮೂರು ದೇಶಗಳ ತಂಡ, ವರ್ಷಗಟ್ಟಲೆ ಕೆಲಸ ಇದೆ.

ರಾಜೀನಾಮೆ ಕೊಟ್ಟು ಈ ಕಡೆ ಬರೋ ಯೋಚನೆ ಇರೋವ್ರಿಗೆ ಒಂದು ಮಾತು. ‘ಲೈಫ್ ಆಫ್ ಪೈ’ಗೆ ಕೆಲಸ ಮಾಡಿದ ರಿದಮ್ ಆ್ಯಂಡ್ ಹ್ಯೂಸ್‌ಗೆ ಹೈದರಾಬಾದ್‌ನಲ್ಲೂ ಸ್ಟುಡಿಯೋ ಇತ್ತು. 2013ರ ಫೆಬ್ರವರಿಯಲ್ಲಿ ಆ ಚಿತ್ರಕ್ಕೆ ವಿಷುವಲ್ ಎಫೆಕ್ಟ್ಸ್ ಆಸ್ಕರ್ ಬಂತು, ಅದೇ ತಿಂಗಳು ಕಂಪನಿ ದಿವಾಳಿ ಅರ್ಜಿ ಹಾಕಿತ್ತು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಮುಳುಗಿದಾಗ ಬೆಂಗಳೂರಲ್ಲಿ ಎಷ್ಟೋ ಜನ ಇದ್ದಕ್ಕಿದ್ದಂಗೆ ಬೀದಿಗೆ ಬಂದ್ರು. ಅವರಿಗೆಲ್ಲ ದುಬಾರಿ ಸಾಫ್ಟ್‌ವೇರ್ ಚೆನ್ನಾಗೇ ಬರ್ತಿತ್ತು.

ಹಾಗಾಗಿ ಕೋರ್ಸ್ ಫೀ ಕಟ್ಟೋ ಮುಂಚೆ ಒಂದು ಪ್ರಯೋಗ ಮಾಡಿ. ಪೆನ್ಸಿಲ್‌ಟೂಡಿ ಆಗಲಿ ಫ್ಲಿಪಾಕ್ಲಿಪ್ ಆಗಲಿ ಹಾಕ್ಕೊಳ್ಳಿ, ಚೆಂಡು ಪುಟಿಯೋದು ಹತ್ತು ಸೆಕೆಂಡ್, ಒಬ್ಬರು ಎರಡು ಮಾತಾಡೋದು ಹತ್ತು ಸೆಕೆಂಡ್. ಚೆಂಡಿಗೆ ತೂಕ ಇದೆ ಅನಿಸದಿದ್ರೆ ತಪ್ಪು ಟೈಮಿಂಗ್‌ನಲ್ಲಿದೆ, ಆ್ಯಪ್‌ನಲ್ಲಲ್ಲ. ಮತ್ತೆ ಧ್ವನಿಗೆ ಜಿಪುಣತನ ಬೇಡ. ಚಿತ್ರ ಒರಟಾಗಿದ್ರೂ ಮಕ್ಕಳು ನೋಡ್ತಾರೆ, ಗುಂಯ್ ಅನ್ನೋ ಆಡಿಯೋಗೆ ಎದ್ದು ಹೋಗ್ತಾರೆ. ನಾನು ಅಜ್ಜಿ ಪಾತ್ರಕ್ಕೆ ನಮ್ಮ ಅಮ್ಮನ ಧ್ವನಿ ಊರಿಂದ ವಾಟ್ಸಾಪ್‌ನಲ್ಲಿ ತರಿಸಿದೆ. ನಾಲ್ಕನೇ ಟೇಕ್ ಚೆನ್ನಾಗಿತ್ತು, ಮಧ್ಯೆ ಕುಕ್ಕರ್ ಸೀಟಿ. ತೆಗೆಯೋಕಾಗಲಿಲ್ಲ, ಹಿನ್ನೆಲೆಯಲ್ಲಿ ಒಂದು ಒಲೆ, ಕುಕ್ಕರ್ ಬರೆದುಬಿಟ್ಟೆ. ಮಗಳು ನೋಡಿ "ಅಪ್ಪಾ, ಅಜ್ಜಿ ಮನೇಲಿ ಅನ್ನ ಆಯ್ತಾ?" ಅಂದ್ಲು. ಕನ್ನಡದಲ್ಲೇ.

ಸೀರೆ ನಡಿಗೆಯ ರಿಗ್ ಫೈಲನ್ನ ಮುಂದಿನ ವಿಡಿಯೋದಲ್ಲಿ ತೆರೆದು ತೋರಿಸ್ತೀನಿ.