ನಗೆಯ ನಾಟಕಕ್ಕೆ ನಲವತ್ತು ದಿನ

ಮಳೆಗಾಲವು ಹಿಂದೆಗೆದು, ಗಣೇಶನ ಚಪ್ಪರ ಕಳಚಿ, ನವರಾತ್ರಿಯ ಸಿದ್ಧತೆ ತೊಡಗುವ ಸಂಧಿಕಾಲದಲ್ಲಿ, ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ, ಹಗಲೆಲ್ಲ ಬ್ಯಾಂಕಿನಲ್ಲಿಯೋ ಶಾಲೆಯಲ್ಲಿಯೋ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆಯೋ ದುಡಿದು ದಣಿದ ಹತ್ತು ಹದಿನೈದು ಮಂದಿ, ಸಂಜೆ ಏಳರ ಮೇಲೆ ಯಾವುದಾದರೊಂದು ಶಾಲೆಯ ಹಜಾರದಲ್ಲಿ ನೆರೆದು, ಈ ವರ್ಷ ಯಾವ ಯಾವ ನಾಟಕಗಳನ್ನು ಆಡಬೇಕೆಂದು ಆಲೋಚಿಸತೊಡಗುತ್ತಾರೆ. ಅವರಿಗೆ ವೇತನವಿಲ್ಲ, ಖರ್ಚಿಗೆ ಊರವರ ಚಂದಾ, ಸ್ಮರಣ ಸಂಚಿಕೆಯ ಜಾಹೀರಾತು, ಮನೆಮನೆಗೆ ಹೋಗಿ ಮಾರಿದ ಟಿಕೆಟು, ಇಷ್ಟೇ ಆಧಾರ. ಹಾಗಿದ್ದೂ ಆ ಸಭೆಯಲ್ಲಿ ನಡೆಯುವ ವಾದವಿವಾದಗಳ ತೀವ್ರತೆಯನ್ನು ಕಂಡವರು, ಹವ್ಯಾಸವೆಂಬ ಮಾತನ್ನು ಲಘುವಾಗಿ ಎಣಿಸಲಾರರು.

ಸುಮಾರು ಮೂವತ್ತು ವರ್ಷಕಾಲ ಇಂಥದೊಂದು ತಂಡದ ನೇಪಥ್ಯದಲ್ಲಿ ಕೈಜೋಡಿಸಿದವನಾದ ನಾನು ಪ್ರತಿ ವರ್ಷವೂ ಒಂದು ಸಂಗತಿಯನ್ನು ಕಾಣುತ್ತ ಬಂದಿದ್ದೇನೆ. ಪೌರಾಣಿಕವೋ ಐತಿಹಾಸಿಕವೋ ಆದ ಒಂದು ದೊಡ್ಡ ನಾಟಕ ಮೊದಲು ನಿಶ್ಚಯವಾಗುತ್ತದೆ. ಅನಂತರ ಗಂಭೀರವಾದ ಒಂದು ಸಾಮಾಜಿಕ. ಇವೆರಡಕ್ಕೂ ನಟರು, ನಿರ್ದೇಶಕರು, ತಾಲೀಮಿನ ದಿನಗಳು ಹಂಚಿಹೋದ ಮೇಲೆ, ಕೊನೆಗೆ ಯಾರೋ ಒಬ್ಬರು “ಜನಕ್ಕೆ ಒಂದು ನಗೆನಾಟಕವೂ ಇರಲಿ” ಎನ್ನುತ್ತಾರೆ, ಉಳಿದವರು ಒಪ್ಪುತ್ತಾರೆ. ಉಳಿದ ನಟರಿಗೆ ಉಳಿದ ಹದಿನೈದು ದಿನ! ಪ್ರಹಸನವು ಹಗುರವಾದದ್ದು, ಆದ್ದರಿಂದ ಸುಲಭವಾದದ್ದು ಎಂಬ ಈ ಭ್ರಮೆ ನಮ್ಮ ಹವ್ಯಾಸಿ ರಂಗಭೂಮಿಗೆ ಎಷ್ಟು ಹಾನಿಮಾಡಿದೆಯೆಂಬುದನ್ನು ಹೇಳುವುದೇ ಈ ಬರಹದ ಉದ್ದೇಶ.

ಪ್ರಾಚೀನರು ಪ್ರಹಸನವನ್ನು ಕಡೆಗಣಿಸಿರಲಿಲ್ಲ. ಭರತಮುನಿ ಎಣಿಸಿದ ಹತ್ತು ರೂಪಕಗಳಲ್ಲಿ ಪ್ರಹಸನವೂ ಒಂದು. ಹಾಸ್ಯರಸವನ್ನು ವಿವರಿಸುವಾಗ ಆತನು ನಗೆಯಲ್ಲಿಯೇ ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂಬ ಆರು ಬಗೆಗಳನ್ನು ಗುರುತಿಸಿ, ಮೊದಲಿನ ಎರಡು ಉತ್ತಮರಿಗೆ, ನಡುವಿನ ಎರಡು ಮಧ್ಯಮರಿಗೆ, ಕಡೆಯ ಎರಡು ಅಧಮರಿಗೆ ಸಲ್ಲುವುವೆಂದು ವಿಂಗಡಿಸಿದ್ದಾನೆ. ತುಟಿಯಂಚಿನ ನಗೆಗೂ ಹೊಟ್ಟೆ ಹಿಡಿದು ಕಣ್ಣೀರಿಡುವ ನಗೆಗೂ ನಡುವೆ ನಾಲ್ಕು ಮೆಟ್ಟಿಲುಗಳನ್ನು ಕಂಡ ಶಾಸ್ತ್ರಕಾರನು ನಗೆಯನ್ನು ಲಘುವೆಂದು ಬಗೆದಿರಲು ಸಾಧ್ಯವಿಲ್ಲ. ಏಳನೆಯ ಶತಮಾನದ ಆದಿಭಾಗದಲ್ಲಿ ಕಂಚಿಯಿಂದ ಆಳಿದ ಪಲ್ಲವ ದೊರೆ ಮಹೇಂದ್ರವರ್ಮನು, ಯುದ್ಧ ರಾಜ್ಯಭಾರಗಳ ನಡುವೆ ಬಿಡುವು ಮಾಡಿಕೊಂಡು ‘ಮತ್ತವಿಲಾಸ’ವನ್ನು ಬರೆದನು. ಕುಡಿದ ಕಾಪಾಲಿಕನೊಬ್ಬನು ತನ್ನ ಭಿಕ್ಷಾಪಾತ್ರೆಯಾದ ತಲೆಬುರುಡೆಯನ್ನು ಕಳೆದುಕೊಂಡು, ದಾರಿಯಲ್ಲಿ ಸಿಕ್ಕ ಬೌದ್ಧ ಭಿಕ್ಷುವಿನ ಮೇಲೆ ಕಳವು ಹೊರಿಸುವ ಆ ಕಥೆಯಲ್ಲಿ, ಬುರುಡೆಯನ್ನು ಕಚ್ಚಿಕೊಂಡು ಹೋದದ್ದು ನಾಯಿ.

ಕನ್ನಡಕ್ಕೆ ಬಂದರೆ ಪ್ರಹಸನದ ಋಣ ಇನ್ನೂ ದೊಡ್ಡದು. ಆಧುನಿಕ ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ನಾವು ಗೌರವಿಸುವ ಕೃತಿ ಪ್ರಹಸನವೇ ಆಗಿದೆ ಎಂಬುದನ್ನು ಎಷ್ಟು ಮಂದಿ ನೆನೆಯುತ್ತಾರೆ? 1887ರಲ್ಲಿ ಉತ್ತರ ಕನ್ನಡದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ಪ್ರಕಟಿಸಿದ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವು ಕನ್ಯಾವಿಕ್ರಯವೆಂಬ ಅನಿಷ್ಟವನ್ನು ಎತ್ತಿಕೊಂಡು, ಹವ್ಯಕರ ಮನೆಮಾತನ್ನು ಹಾಗೆಯೇ ರಂಗದ ಮೇಲಿರಿಸಿತು. ಹೆಣ್ಣುಮಕ್ಕಳನ್ನು ಹಣಕ್ಕೆ ಕೊಡುವ ಪದ್ಧತಿಯನ್ನು ಕುರಿತು ಉಪನ್ಯಾಸ ಮಾಡಿದ್ದರೆ ಎದ್ದುಹೋಗುತ್ತಿದ್ದ ಜನರನ್ನು, ಅವರದೇ ನುಡಿಯಲ್ಲಿ ನಗಿಸುವ ಮೂಲಕ ಕೂರಿಸಬಹುದೆಂಬ ವಿವೇಕ ಆ ಪಂಡಿತರಿಗಿತ್ತು. ವೃತ್ತಿ ಕಂಪನಿಗಳೂ ನಗೆಯ ಬೆಲೆಯನ್ನು ಚೆನ್ನಾಗಿ ಅರಿತಿದ್ದುವು: 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯನ್ನು ಮುಂದೆ ಕೀರ್ತಿಶಿಖರಕ್ಕೇರಿಸಿದ ವೀರಣ್ಣನವರನ್ನು ಜನ ಎಲ್ಲಕ್ಕಿಂತ ಹೆಚ್ಚಾಗಿ ನೆನೆಯುವುದು ‘ಸದಾರಮೆ’ಯ ಕಳ್ಳನ ಪಾತ್ರಕ್ಕಾಗಿ.

ಬೆಂಗಳೂರಿನಲ್ಲಿ 1909ರಲ್ಲಿ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಹುಟ್ಟಿದಾಗ, ವಿದ್ಯಾವಂತರು ಬಣ್ಣ ಹಚ್ಚುವುದಕ್ಕೆ ಮರ್ಯಾದೆ ಬಂದಿತು. ಆದರೆ ಅವರು ಆಡಲು ತಕ್ಕ, ಅವರ ಮನೆಗಳಲ್ಲಿಯೇ ಆಡುತ್ತಿದ್ದ ಮಾತಿನ ನಾಟಕಗಳು ಬಂದುದು ಟಿ. ಪಿ. ಕೈಲಾಸಂ ಅವರಿಂದ. ಲಂಡನ್ನಿನಲ್ಲಿ ಭೂವಿಜ್ಞಾನವನ್ನೋದಿ, ಅಲ್ಲಿಯ ರಂಗಮಂದಿರಗಳನ್ನು ಕಣ್ತುಂಬ ಕಂಡು ಮರಳಿದ ಆ ಮಹಾಶಯರು ‘ಹೋಂ ರೂಲು’, ‘ಅಮ್ಮಾವ್ರ ಗಂಡ’, ‘ಬಂಡ್ವಾಳ್ವಿಲ್ಲದ್ ಬಡಾಯಿ’ ಮೊದಲಾದವುಗಳಲ್ಲಿ, ಅರಮನೆ ಕಾಡುಗಳ ಪರದೆಗಳನ್ನು ಸುತ್ತಿಡಿಸಿ, ಒಂದು ನಡುಮನೆ, ನಾಲ್ಕು ಕುರ್ಚಿ, ಬೆರಕೆಯ ಇಂಗ್ಲಿಷು ಕನ್ನಡ, ಇಷ್ಟರಲ್ಲಿಯೇ ಒಂದು ಲೋಕವನ್ನು ನಿಲ್ಲಿಸಿದರು. ಅವರು ಬಾಯಲ್ಲಿ ಹೇಳುತ್ತ ಹೋದುದನ್ನು ಮಿತ್ರರು ಬರೆದುಕೊಂಡದ್ದರಿಂದ ಆ ಮಾತುಗಳಿಗೆ ಉಸಿರಿನ ಲಯವಿದೆ; ಒಂದು ಅಕ್ಷರವನ್ನು ಹಿಗ್ಗಿಸಿದರೂ ಕುಗ್ಗಿಸಿದರೂ ನಗೆ ಕೆಡುತ್ತದೆ. ಪರದೆ ಬೇಡದ, ಸಂಗೀತ ಬೇಡದ, ಐದಾರು ಜನರಿಂದ ಮುಗಿಯುವ ಈ ನಾಟಕಗಳು ದೊರೆಯದಿದ್ದಲ್ಲಿ, ನಮ್ಮ ಕಾಲೇಜುಗಳೂ ಕಛೇರಿಗಳ ಸಂಘಗಳೂ ನಾಟಕವಾಡುವ ಅಭ್ಯಾಸವನ್ನೇ ಬೆಳೆಸಿಕೊಳ್ಳುತ್ತಿದ್ದುವೋ ಇಲ್ಲವೋ ಎಂಬ ಸಂದೇಹ ನನಗಿದೆ.

ಒಂದು ಊರು ತನ್ನ ನಾಟಕಗಳನ್ನು ತಾನೇ ಆರಿಸಿ, ತಾನೇ ಆಡಿ, ತಾನೇ ನೋಡುವ ಕ್ರಮ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಸಾಗರ ತಾಲ್ಲೂಕಿನ ಹೆಗ್ಗೋಡೇ ಸಾಕ್ಷಿ. ಅಡಕೆತೋಟಗಳ ನಡುವಿನ ಆ ಪುಟ್ಟ ಹಳ್ಳಿಯಲ್ಲಿ 1949ರಲ್ಲಿ ಕೆಲವು ಊರವರು ಕಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವು, ಕೆ. ವಿ. ಸುಬ್ಬಣ್ಣನವರ ದೀರ್ಘ ದುಡಿಮೆಯಿಂದ, ಶಿವರಾಮ ಕಾರಂತರ ಹೆಸರಿನ ರಂಗಮಂದಿರವನ್ನೂ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ, 1985ರಲ್ಲಿ ನಾಡನ್ನೆಲ್ಲ ಸುತ್ತುವ ‘ತಿರುಗಾಟ’ವನ್ನೂ ಪಡೆಯಿತು. ತಿರುಗಾಟದ ನಟರು ವರ್ಷಕ್ಕೆ ಎರಡು ಮೂರು ನಾಟಕಗಳನ್ನು ಕಟ್ಟಿಕೊಂಡು, ರಂಗಸಜ್ಜಿಕೆಯನ್ನೂ ದೀಪಗಳನ್ನೂ ತಾವೇ ಹೇರಿ ಇಳಿಸುತ್ತ, ಊರಿಂದೂರಿಗೆ ಹೋಗುತ್ತಾರೆ. ಇವರು ತರಬೇತಿ ಪಡೆದವರು. ಅವರನ್ನೂ ನಮ್ಮ ಶಾಲೆಯ ಹಜಾರದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೆ ವರ್ಷದ ನಾಟಕಗಳನ್ನು ಒಂದರೊಡನೊಂದು ಹೊಂದುವಂತೆ, ಒಂದರಷ್ಟೇ ಶ್ರದ್ಧೆಯನ್ನು ಇನ್ನೊಂದಕ್ಕೂ ಕೊಟ್ಟು ಕಟ್ಟಬೇಕೆಂಬ ಪಾಠವನ್ನು ಅವರಿಂದ ಯಾರೂ ಕಲಿಯಬಹುದು.

ನಮ್ಮ ತಂಡ ಅದನ್ನು ಕಲಿತದ್ದು ಒಂದು ಸೋಲಿನಿಂದ. ಆ ವರ್ಷ ಎತ್ತಿಕೊಂಡದ್ದು ಒಂದೇ ಮನೆಯಲ್ಲಿ ನಡೆಯುವ, ಐವತ್ತು ನಿಮಿಷದ ನಗೆನಾಟಕ. ಮುಖ್ಯ ಪಾತ್ರಧಾರಿ ತಾಲೀಮಿನಲ್ಲಿ ನಮ್ಮನ್ನೆಲ್ಲ ನಗಿಸಿ ಸುಸ್ತುಮಾಡಿದ್ದನು. ನಾವು ನಕ್ಕದ್ದೇ ನಮಗೆ ಜಯದ ಭರವಸೆಯಾಗಿತ್ತು. ಪ್ರದರ್ಶನದ ರಾತ್ರಿ, ಮೂರನೆಯ ನಗೆಯಲೆ ಎದ್ದಾಗ, ಅವನು ಸಭೆಯ ಕಡೆಗೆ ತಿರುಗಿ ತಾನೂ ಮುಗುಳ್ನಕ್ಕನು. ಅಲ್ಲಿಗೆ ಏನೋ ಒಡೆಯಿತು. ಪಾತ್ರವು ಮಾಯವಾಗಿ ನಮ್ಮ ಪರಿಚಯದ ಗೆಳೆಯನಷ್ಟೇ ಅಲ್ಲಿ ನಿಂತಿದ್ದನು. ಜನ ಮೌನವಾದೊಡನೆ ಗಾಬರಿಗೊಂಡ ಇತರರು, ಊರಿನ ಸುದ್ದಿಗಳನ್ನು ಮಾತಿನಲ್ಲಿ ಸೇರಿಸತೊಡಗಿದರು. ಐವತ್ತು ನಿಮಿಷದ್ದು ಎಂಬತ್ತಕ್ಕೆ ಬೆಳೆಯಿತು. ಕೊನೆಯ ತೊಡಕು ಬಿಡಿಸಿಕೊಳ್ಳುವ ವೇಳೆಗೆ, ಅದು ಯಾವ ತೊಡಕೆಂಬುದೇ ಯಾರಿಗೂ ನೆನಪಿರಲಿಲ್ಲ. ಹೊರಬಾಗಿಲ ಬಳಿ ಒಬ್ಬ ಹಿರಿಯರು ನನ್ನ ಕೈಹಿಡಿದು, “ನಗುವನ್ನೆಲ್ಲ ನೀವೇ ಖರ್ಚುಮಾಡಿಬಿಟ್ಟರೆ ನಮಗೇನು ಉಳೀತಪ್ಪ?” ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ, ದುಃಖವಿತ್ತು.

ಮರುವರ್ಷ ಅದೇ ನಾಟಕವನ್ನು, ಅದೇ ನಟರಿಂದ, ನಲವತ್ತು ದಿನದ ತಾಲೀಮಿನಿಂದ ಮಾಡಿದೆವು. ಹಿಂದಿನ ಸೋಲು ನಮಗೆ ಕಲಿಸಿದ ಮೊದಲ ಪಾಠ ಇದು: ಪ್ರಹಸನದ ಪಾತ್ರಕ್ಕೆ ತಾನು ನಗೆಪಾತ್ರವೆಂಬುದು ತಿಳಿಯದು. ಸಾಲಗಾರನಿಗೆ ಹೆದರಿ ಉಗ್ರಾಣದೊಳಗೆ ಅವಿತವನಿಗೆ ಅದು ಪ್ರಾಣಸಂಕಟ. ಸುಳ್ಳಿನ ಮೇಲೆ ಸುಳ್ಳು ಪೇರಿಸುತ್ತಿರುವ ಅಳಿಯನಿಗೆ ಅದು ಮಾನದ ಪ್ರಶ್ನೆ. ಆ ಸಂಕಟವನ್ನು ನಟನು ದುರಂತನಾಟಕದ ನಾಯಕನಷ್ಟೇ ಪ್ರಾಮಾಣಿಕವಾಗಿ ಅನುಭವಿಸಿದಾಗ ಮಾತ್ರ, ಹೊರಗಿನಿಂದ ಎಲ್ಲವನ್ನೂ ಕಾಣುತ್ತಿರುವ ಪ್ರೇಕ್ಷಕನಿಗೆ ನಗೆ ಉಕ್ಕುತ್ತದೆ. ಆದ್ದರಿಂದ ಮೊದಲ ಹತ್ತು ದಿನ ನಾಟಕವನ್ನು ಗಂಭೀರವಾಗಿಯೇ ಓದಿಸಿದೆವು, ನಗಿಸುವ ಪ್ರಯತ್ನವನ್ನೇ ನಿಷೇಧಿಸಿ. ಅನಂತರ ಬಂತು ವಸ್ತುಗಳ ಸರದಿ. ಗಂಭೀರ ನಾಟಕದಲ್ಲಿ ಬಾಗಿಲು ಇಲ್ಲದಿದ್ದರೂ ನಟನು ಇದೆಯೆಂದು ಭಾವಿಸಿ ನಡೆದಾನು. ಪ್ರಹಸನದಲ್ಲಿ ಬಾಗಿಲೂ ಒಂದು ಪಾತ್ರ. ಒಬ್ಬನು ಒಳಹೋದ ಕ್ಷಣವೇ ಇನ್ನೊಬ್ಬನು ಪಕ್ಕದ ಬಾಗಿಲಿಂದ ಹೊರಬರಬೇಕು. ಅರ್ಧ ಕ್ಷಣ ತಡವಾದರೆ ಇಬ್ಬರೂ ಎದುರುಬದುರಾಗಿ ಕಥೆಯೇ ಮುಗಿದುಹೋಗುತ್ತದೆ. ಬಡಗಿಯಿಂದ ನಿಜವಾದ ಚೌಕಟ್ಟು, ಅಗುಳಿ, ಕೀಲುಗಳಿರುವ ಎರಡು ಕದಗಳನ್ನು ಮಾಡಿಸಿ, ಹನ್ನೊಂದನೆಯ ದಿನದಿಂದಲೇ ತಾಲೀಮಿನ ಹಜಾರದಲ್ಲಿ ನಿಲ್ಲಿಸಿದೆವು. ಕಾಫಿಯ ಲೋಟ, ಕೊಡೆ, ಕಾಗದ, ಎಲ್ಲವೂ ಅದೇ ದಿನದಿಂದ ಕೈಗೆ ಬಂದುವು. ಕೆಲವು ಸಂಜೆ ಮಾತೇ ಇಲ್ಲದೆ ಬರಿಯ ಚಲನೆಯನ್ನೂ, ಕೆಲವು ಸಂಜೆ ಕುಳಿತಲ್ಲಿಯೇ ಇಮ್ಮಡಿ ವೇಗದಲ್ಲಿ ಬರಿಯ ಮಾತನ್ನೂ ಆಡಿಸಿದೆವು.

ಎಲ್ಲಕ್ಕಿಂತ ಕಠಿನವಾದದ್ದು ಕಾಯುವ ವಿದ್ಯೆ. ನಗೆಯು ಅಲೆಯಂತೆ ಏರಿ ಇಳಿಯುತ್ತದೆ. ಏರುತ್ತಿರುವಾಗ ಮುಂದಿನ ಮಾತನ್ನೆತ್ತಿದರೆ ಅದು ಕೇಳಿಸದು, ಜನ ನಗುವುದನ್ನೇ ನಿಲ್ಲಿಸಿಯಾರು. ಪೂರ್ತಿ ಇಳಿದ ಮೇಲೆ ಎತ್ತಿದರೆ ನಾಟಕ ತಣ್ಣಗಾಗುತ್ತದೆ. ಇಳಿಯತೊಡಗಿದ ಆ ಗಳಿಗೆಯಲ್ಲಿ ಹಿಡಿಯಬೇಕು, ಅಲ್ಲಿಯವರೆಗೆ ಪಾತ್ರವನ್ನು ಬಿಡದೆ, ಮುಖದಲ್ಲಿ ಆ ಸಂಕಟವನ್ನೇ ಇರಿಸಿಕೊಂಡು ನಿಲ್ಲಬೇಕು. ಖಾಲಿ ಹಜಾರದಲ್ಲಿ ಇದನ್ನು ಕಲಿಯಲಾಗದು. ಅದಕ್ಕಾಗಿ ಕಡೆಯ ನಾಲ್ಕು ತಾಲೀಮುಗಳಿಗೆ, ಒಂದೊಂದು ದಿನ ಒಂದೊಂದು ಬೀದಿಯವರನ್ನು ಕರೆದು ಕೂರಿಸಿದೆವು. ಮೊದಲ ದಿನ ನಕ್ಕ ಕಡೆ ಎರಡನೆಯ ದಿನದವರು ನಗಲಿಲ್ಲ, ಯಾರೂ ಎಣಿಸದ ಕಡೆ ಹೆಂಗಸರೆಲ್ಲ ಒಟ್ಟಾಗಿ ನಕ್ಕರು. ದೀಪದ ವಿಷಯವನ್ನೂ ಇಲ್ಲಿ ಹೇಳಬೇಕು: ಮಬ್ಬುಬೆಳಕಿನ ಸೊಗಸು ಪ್ರಹಸನಕ್ಕೆ ಒಗ್ಗದು, ಹುಬ್ಬು ಹಾರುವುದು ಕಡೆಯ ಸಾಲಿಗೂ ಕಾಣಬೇಕು. ಪ್ರದರ್ಶನದ ರಾತ್ರಿ ನಾಟಕ ಐವತ್ತೆರಡು ನಿಮಿಷದಲ್ಲಿ ಮುಗಿಯಿತು.

ಈ ಬಲ ಬಂದ ಮೇಲೆ ನಾವು ಕೈಹಾಕಿದ್ದು ‘ಭಗವದಜ್ಜುಕೀಯ’ಕ್ಕೆ, ಸಂಸ್ಕೃತದಿಂದ ಬಂದ ಆ ಅದ್ಭುತ ಪ್ರಹಸನಕ್ಕೆ. ಯಮದೂತನು ಹೆಸರಿನ ಗೊಂದಲದಿಂದ ಬೇರೊಬ್ಬಳ ಬದಲು ವಸಂತಸೇನೆಯೆಂಬ ಗಣಿಕೆಯ ಪ್ರಾಣವನ್ನು ಒಯ್ಯುತ್ತಾನೆ. ಶಂಕಿಸುವ ತನ್ನ ಶಿಷ್ಯನಾದ ಶಾಂಡಿಲ್ಯನಿಗೆ ಯೋಗದ ಮಹಿಮೆಯನ್ನು ತೋರಲೆಂದು ಸನ್ಯಾಸಿಯು ಅವಳ ದೇಹವನ್ನು ಪ್ರವೇಶಿಸುತ್ತಾನೆ. ತಪ್ಪನ್ನರಿತು ಮರಳಿದ ದೂತನು, ಗಣಿಕೆಯ ಶರೀರ ಆಗಲೇ ವೇದಾಂತ ನುಡಿಯುತ್ತಿರುವುದನ್ನು ಕಂಡು, ಅವಳ ಪ್ರಾಣವನ್ನು ಸನ್ಯಾಸಿಯ ದೇಹದಲ್ಲಿ ಇರಿಸುತ್ತಾನೆ. ಗಂಡು ನಟನು ಸೆರಗು ಹಿಡಿದಂತೆ ಕೈ ಆಡಿಸಿ ಕೊಂಕುನಡಿಗೆ ನಡೆದರೆ ಜನ ನಗುತ್ತಾರೆ, ನಿಜ. ಆದರೆ ಅದು ಭರತನು ಕೆಳಗಿನ ಮೆಟ್ಟಿಲಿನಲ್ಲಿರಿಸಿದ ನಗೆ, ಮತ್ತು ಹೆಣ್ಣನ್ನು ಅವಮಾನಿಸುವ ನಗೆ. ನಾವು ಆ ಇಬ್ಬರು ನಟರಿಗೆ ಎರಡು ವಾರ ಪಾತ್ರಗಳನ್ನು ಅದಲುಬದಲು ಮಾಡಿಸಿದೆವು. ಸನ್ಯಾಸಿಯಾಗಬೇಕಾದವನು ವಸಂತಸೇನೆಯ ಎಲ್ಲ ಮಾತುಗಳನ್ನೂ ಕಲಿತು, ಅವಳು ನಲ್ಲನಿಗಾಗಿ ಕಾಯುವ ಆತುರವನ್ನು ಅರಿತನು. ಗಣಿಕೆಯ ಪಾತ್ರದವಳು ಸನ್ಯಾಸಿಯ ನಿಶ್ಚಲತೆಯನ್ನು ಬೆನ್ನುಮೂಳೆಯಲ್ಲಿ ಕಲಿತಳು. ಕಡೆಗೆ ರಂಗದ ಮೇಲೆ, ಆಭರಣಭೂಷಿತೆಯಾದ ಆ ಹುಡುಗಿ ಕಣ್ಣೆವೆಯಿಕ್ಕದೆ ಕುಳಿತು, ಶೋಕಿಸುವ ತಾಯಿಗೆ ಸಂಸಾರದ ಅಸಾರತೆಯನ್ನು ಬೋಧಿಸಿದಾಗ, ಸಭೆ ಮೊದಲು ನಕ್ಕು, ಮರುಗಳಿಗೆ ನಿಶ್ಶಬ್ದವಾಗಿ, ಮತ್ತೆ ನಕ್ಕಿತು. ದೇಹ ಯಾರದು, ಮಾತು ಯಾರದು ಎಂಬ ಪ್ರಶ್ನೆಯನ್ನು ಅಷ್ಟು ಸುಲಭವಾಗಿ, ಅಷ್ಟು ಆಳವಾಗಿ ಕೇಳಿದ ಗಂಭೀರ ನಾಟಕವನ್ನು ನಾನು ಕಂಡಿಲ್ಲ.

ಈಗ ನಮ್ಮ ತಂಡದಲ್ಲಿ ವರ್ಷದ ನಾಟಕಗಳನ್ನು ಆರಿಸುವಾಗ ಪ್ರಹಸನವೇ ಮೊದಲು ನಿಶ್ಚಯವಾಗುತ್ತದೆ, ಒಳ್ಳೆಯ ನಟರು ಮೊದಲು ಅದಕ್ಕೆ ಸಲ್ಲುತ್ತಾರೆ. ಉಳಿದ ತಂಡಗಳೂ ಹಾಗೆ ಮಾಡಲೆಂದು ನನ್ನ ಪ್ರಾರ್ಥನೆ. ಓದುಗರಲ್ಲಿಯೂ ಒಂದು ಬೇಡಿಕೆಯುಂಟು. ನಗೆಯು ಭುಜದಿಂದ ಭುಜಕ್ಕೆ ಹರಡುವಂಥದು. ಮುನ್ನೂರು ಕುರ್ಚಿಗಳ ಸಭಾಂಗಣದಲ್ಲಿ ಎಂಬತ್ತು ಜನ ಚದುರಿ ಕುಳಿತರೆ ಎಂಥ ನಟನೂ ಸೋಲುತ್ತಾನೆ. ನಿಮ್ಮ ಊರಿನ ತಂಡದವರು ಟಿಕೆಟು ಹಿಡಿದು ಬಾಗಿಲಿಗೆ ಬಂದಾಗ ನೆರೆಮನೆಯವರಿಗೂ ಸೇರಿಸಿ ಕೊಳ್ಳಿರಿ. ಆ ಸಂಜೆ ಹೊತ್ತಿಗೆ ಮೊದಲೇ ಹೋಗಿ, ಮುಂದಿನ ಸಾಲುಗಳಲ್ಲಿ ಒತ್ತಾಗಿ ಕುಳಿತುಕೊಳ್ಳಿರಿ.