ಹಳೇ ಫೋನಿನ ಪರ ವಕಾಲತ್ತು

ಜಾಲತಾಣ ಕಟ್ಟುವ ನಮ್ಮಂಥವರ ಮೇಜಿನ ಮೇಲೆ ಒಳ್ಳೆಯ ಲ್ಯಾಪ್‌ಟಾಪು, ಅದರಲ್ಲಿ ಹೊಚ್ಚಹೊಸ ಕ್ರೋಮ್ ಇರುತ್ತದೆ. ನೋಡುವವರ ಕೈಯಲ್ಲಿ ಏನಿದೆಯೋ ಬಲ್ಲವರ್ಯಾರು? 2014ರಲ್ಲಿ ಬಂದ ಐಫೋನ್ 6 ಐಓಎಸ್ 12ಕ್ಕೇ ನಿಂತುಬಿಟ್ಟಿದೆ. ಅದರ ಬ್ರೌಸರ್ ಸಫಾರಿ ಹೊಸದಾಗುವುದು ಐಓಎಸ್ ಜೊತೆಗೇ. ಹಾಗಾಗಿ ಅದೂ ಅಲ್ಲೇ ನಿಂತಿದೆ. ಕ್ರೋಮ್ ಹಾಕಿಕೊಂಡರೂ ಒಳಗೆ ಓಡುವುದು ಆಪಲ್‌ನ ವೆಬ್‌ಕಿಟ್ಟೇ. ಜಿಯೋಫೋನಿನ ಕೈಓಎಸ್ 2.5ರದು ಇನ್ನೂ ಹಳೆಯ ಕತೆ: ಅದರ ಎಂಜಿನ್ 2016ರ ಫೈರ್‌ಫಾಕ್ಸ್ 48ರದು.

ಇಂಥ ಫೋನುಗಳನ್ನೆಲ್ಲ ಕೊಂಡಿಟ್ಟು ಪರೀಕ್ಷಿಸುವುದು ಹುಬ್ಬಳ್ಳಿಯ ನಮ್ಮ ಪುಟ್ಟ ಕಚೇರಿಗೆ ಆಗದ ಮಾತು. ಅದಕ್ಕೆಂದೇ ನಾನೊಂದು ಪರೀಕ್ಷಕ ತಂತ್ರಾಂಶ ಬರೆಯುತ್ತಿದ್ದೇನೆ. ಅದು ಪುಟ ತೆರೆದು ನೋಡುವುದಿಲ್ಲ. ಕೋಡನ್ನೇ ಓದಿ, ಯಾವ ಸಾಲು ಯಾವ ಬ್ರೌಸರಿನಲ್ಲಿ ನಡೆಯದು ಎಂದು ಮೊದಲೇ ಹೇಳುತ್ತದೆ.

ಬೇಕಾದ ಸಾಮಗ್ರಿಯ ಬಹುಪಾಲು ಪುಕ್ಕಟೆ ಸಿಗುತ್ತದೆ. ಪುಟದ ಅಂದಚಂದ ಹೇಳುವ ಸಿಎಸ್‌ಎಸ್ ಕೋಡನ್ನು ಬಿಡಿಬಿಡಿಯಾಗಿ ಬಿಡಿಸಿಕೊಡಲು ಪೋಸ್ಟ್‌ಸಿಎಸ್‌ಎಸ್ ಇದೆ. ಯಾವ ಸೌಲಭ್ಯ ಯಾವ ಬ್ರೌಸರಿನ ಎಷ್ಟನೇ ಆವೃತ್ತಿಯಲ್ಲಿ ಬಂತು ಎಂಬ ಪಟ್ಟಿಯನ್ನು ಎಂಡಿಎನ್ ತಾಣ ಎಲ್ಲರಿಗೂ ತೆರೆದಿಟ್ಟಿದೆ. ಅಲೆಕ್ಸಿಸ್ ಡೆವೇರಿಯಾ ಕಟ್ಟಿದ ‘ಕ್ಯಾನ್ ಐ ಯೂಸ್’ ಕೂಡ ಉಂಟು. ತಾಣ ಎಲ್ಲೆಲ್ಲಿ ನಡೆಯಬೇಕು ಎಂಬುದನ್ನು ಬ್ರೌಸರ್ಸ್‌ಲಿಸ್ಟ್ ಕಡತದಲ್ಲಿ ಬರೆದಿಟ್ಟರೆ, ಕೋಡು, ಸೌಲಭ್ಯಗಳ ಪಟ್ಟಿ, ಈ ಕಡತ ಮೂರನ್ನೂ ತಾಳೆ ಹಾಕುವುದಷ್ಟೇ ಬಾಕಿ.

ತಲೆನೋವು ಶುರುವಾಗುವುದು ಆ ತಾಳೆಯಲ್ಲೇ. ‘ಗ್ಯಾಪ್’ ಎಂಬ ಸಿಎಸ್‌ಎಸ್ ಸಾಲು ಪುಟದ ಗುಂಡಿಗಳ ನಡುವೆ ಜಾಗ ಬಿಡಿಸುತ್ತದೆ. ಗ್ರಿಡ್ ವಿನ್ಯಾಸದಲ್ಲಿ ಅದು ಸಫಾರಿ 12ರಲ್ಲೂ ನಡೆಯುತ್ತದೆ. ಫ್ಲೆಕ್ಸ್ ವಿನ್ಯಾಸದಲ್ಲಾದರೆ 2021ರ ಏಪ್ರಿಲ್‌ನ ಸಫಾರಿ 14.1 ಬರುವವರೆಗೂ ನಡೆಯುತ್ತಿರಲಿಲ್ಲ. ಸಾಲು ಮಾತ್ರ ಎರಡೂ ಕಡೆ ಅದೇ. ಅದು ಗ್ರಿಡ್ಡೋ ಫ್ಲೆಕ್ಸೋ ಎಂದು ಹೇಳುವ ಸಾಲು ಇನ್ನೊಂದು ಕಡತದಲ್ಲಿ ಕೂತಿರಬಹುದು. ‘ನಿನಗೆ ಗ್ಯಾಪ್ ಗೊತ್ತೇ?’ ಎಂದು ಹಳೇ ಸಫಾರಿಯನ್ನೇ ಕೇಳಿದರೆ, ಗ್ರಿಡ್ಡಿನ ಗ್ಯಾಪ್ ನೆನೆದು ‘ಗೊತ್ತು’ ಅನ್ನುತ್ತದೆ. ಪುಟದಲ್ಲಿ ಗುಂಡಿಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಸಿಎಸ್‌ಎಸ್‌ನಲ್ಲಿ ಅರ್ಥವಾಗದ ಸಾಲನ್ನು ಬ್ರೌಸರ್ ಬಿಟ್ಟು ಮುಂದೆ ಹೋಗುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಅಷ್ಟು ಉದಾರತೆ ಇಲ್ಲ. ಪ್ರಶ್ನೆಚಿಹ್ನೆಯ ಪಕ್ಕ ಚುಕ್ಕಿಯಿಟ್ಟು ಬರೆಯುವ ಪದ್ಧತಿ ಕ್ರೋಮ್‌ಗೆ ಬಂದದ್ದು 2020ರಲ್ಲಿ. ಅದನ್ನು ಅರಿಯದ ಬ್ರೌಸರಿಗೆ ಆ ಚಿಹ್ನೆ ಒಂದೇ ಕಡೆ ಸಿಕ್ಕಿದರೂ ಇಡೀ ಕಡತವೇ ತಿರಸ್ಕೃತ. ಅರ್ಜಿ ತುಂಬಿ ‘ಸಲ್ಲಿಸು’ ಒತ್ತಿದವರಿಗೆ ಏನೂ ಆಗದು, ಏಕೆಂದೂ ತಿಳಿಯದು. ಅದಕ್ಕೇ ನನ್ನ ವರದಿಯಲ್ಲಿ ಅಂದಗೆಡಿಸುವ ಸಾಲುಗಳು ಹಳದಿ, ಕೆಲಸ ನಿಲ್ಲಿಸುವ ಸಾಲುಗಳು ಕೆಂಪು.

ತಂತ್ರಾಂಶಕ್ಕೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸುವುದು ಇದಕ್ಕಿಂತ ಕಷ್ಟ. ‘ಆಟ್’ ಎಂಬ ಕರೆ ಕಂಡಿತೆನ್ನಿ. ಅದು ಜಾವಾಸ್ಕ್ರಿಪ್ಟಿನ ಹೊಸ ಸೌಲಭ್ಯವೋ ನಮ್ಮ ಹುಡುಗರೇ ಬರೆದುಕೊಂಡ ಅದೇ ಹೆಸರಿನದೋ, ಬರೀ ಆ ಸಾಲು ಓದಿ ಹೇಳಲಾಗದು. ದಾರಿಹೋಕರಿಗೆಲ್ಲ ಬೊಗಳುವ ನಾಯಿ ಕಳ್ಳ ಬಂದಾಗ ಬೊಗಳಿದರೂ ಮನೆಯವರು ಏಳುವುದಿಲ್ಲ. ಆದ್ದರಿಂದ ಅನುಮಾನದ ಸಾಲುಗಳು ಬೇರೆ ಪಟ್ಟಿಗೆ ಹೋಗುತ್ತವೆ. ಸಿಎಸ್‌ಎಸ್‌ನಲ್ಲಿ ಹಳೇ ಬ್ರೌಸರಿಗೆಂದು ಬದಲಿ ಸಾಲು ಮೇಲೇ ಬರೆದಿದ್ದರೆ ತಕರಾರೇ ಇಲ್ಲ.

2023ರಲ್ಲಿ ‘ಬೇಸ್‌ಲೈನ್’ ಎಂಬ ಅಳತೆಗೋಲು ಬಂತು. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿ ನಾಲ್ಕರಲ್ಲೂ ಸೌಲಭ್ಯ ಬಂದು 30 ತಿಂಗಳು ಕಳೆದರೆ ಅದು ವ್ಯಾಪಕವಾಗಿ ಲಭ್ಯ ಎಂದು ಲೆಕ್ಕ. ಒಳ್ಳೆಯ ಲೆಕ್ಕವೇ. ಆದರೆ ಅದರ ಪ್ರಕಾರ ಫ್ಲೆಕ್ಸಿನ ಗ್ಯಾಪ್ ಎಂದೋ ಪಾಸಾಗಿದೆ, ಐಫೋನ್ 6ರಲ್ಲಿ ಇಂದಿಗೂ ನಡೆಯದು. ಮದುವೆ ಫೋಟೋ ತೆಗೆಯುವವರ ತಾಣಕ್ಕೆ ಆ ಫೋನು ಬಿಟ್ಟರೂ ನಡೆದೀತು. ಪಿಂಚಣಿ ಅರ್ಜಿಯ ತಾಣಕ್ಕೆ ನಡೆದೀತೇ? ಅದನ್ನು ತಂತ್ರಾಂಶ ತೀರ್ಮಾನಿಸಲಾಗದು.

ಹಾಗಾಗಿ ಬ್ರೌಸರುಗಳ ಪಟ್ಟಿ ಕೊಡದಿದ್ದರೆ ನನ್ನ ಪರೀಕ್ಷಕ ಓಡುವುದೇ ಇಲ್ಲ. ಓಡಿದಾಗ, ಪಟ್ಟಿಯಿಂದ ಕೈಬಿಟ್ಟ ಫೋನುಗಳ ಹೆಸರನ್ನು ವರದಿಯ ಮೊದಲ ಸಾಲಲ್ಲೇ ಅಚ್ಚು ಹಾಕುತ್ತದೆ. ತಾಣ ಕಟ್ಟಿಸುವವರು ಅದನ್ನು ಓದಿಯೇ ಸಹಿ ಮಾಡಲಿ.