ವ್ಯಾಕ್ಯೂಮ್ ಕ್ಲೀನರ್ ಮನೆಗೆ ತರುವ ಮುನ್ನ

ಅಗ್ಗಕ್ಕೆ ಸಿಕ್ಕಿತೆಂದೋ, ನೆಂಟರು ಕೊಟ್ಟರೆಂದೋ ಹಳೆಯ ವ್ಯಾಕ್ಯೂಮ್ ಕ್ಲೀನರ್ ತರಲು ಹೊರಟಿದ್ದೀರಾ? ಮನೆಯಲ್ಲಿ ಉಬ್ಬಸವಿರುವ ಮಕ್ಕಳೋ ಹಿರಿಯರೋ ಇದ್ದರೆ, ಅದನ್ನು ಅಲ್ಲೇ ಒಮ್ಮೆ ಪರೀಕ್ಷಿಸಿ.

ಯಂತ್ರ ಎಳೆದುಕೊಂಡ ಗಾಳಿ ಮತ್ತೆ ಕೋಣೆಗೇ ಬರುತ್ತದೆ. ಫಿಲ್ಟರ್ ಸರಿಯಾಗಿ ಕೂರದಿದ್ದರೆ ದಪ್ಪ ಕಸ ಒಳಗುಳಿದು, ಕಣ್ಣಿಗೆ ಕಾಣದ ಸಣ್ಣ ಧೂಳು ಹೊರಬೀಳುತ್ತದೆ. ನೆಲ ಸ್ವಚ್ಛವಾದರೂ ಉಬ್ಬಸವಿರುವವರಿಗೆ ಕೆಮ್ಮು, ಎದೆ ಬಿಗಿತ ಶುರುವಾಗಬಹುದು. ಯುನಾನಿ ಪದ್ಧತಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ 6 ಅಂಶಗಳಲ್ಲಿ ಮೊದಲನೆಯದೇ ಗಾಳಿ.

ಯಂತ್ರ ಚಾಲೂ ಮಾಡಿ, ಗಾಳಿ ಹೊರಬರುವ ಕಡೆ ಒಣಗಿದ ಬಿಳಿ ಬಟ್ಟೆ ಹಿಡಿಯಿರಿ. ಧೂಳಿನ ಗುರುತು ಮೂಡಿದರೆ ಅದು ಬೇಡ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದೆಯೇ, ಹೊಸ ಫಿಲ್ಟರ್ ಸಿಗುತ್ತದೆಯೇ ನೋಡಿ. ಅಸಲಿ ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲೂ ಶೇ. 99.97ರಷ್ಟನ್ನು ತಡೆಯುತ್ತದೆ, ಆದರೆ ಸುತ್ತ ಸಂದಿಯಿದ್ದರೆ ಧೂಳು ಅಲ್ಲಿಂದಲೇ ನುಸುಳುತ್ತದೆ.

ಈಗಾಗಲೇ ತಂದಿದ್ದರೆ, ಕಸದ ಡಬ್ಬಿಯನ್ನು ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಖಾಲಿ ಮಾಡಿ. ಯಂತ್ರ ಬಳಸುವಾಗ ಕಿಟಕಿ ತೆರೆದಿಡಿ. ಉಬ್ಬಸವಿರುವವರು ಬೇರೆ ಕೋಣೆಯಲ್ಲಿರಲಿ. ಟೈಲ್ಸ್ ನೆಲಕ್ಕಂತೂ ಒದ್ದೆ ಬಟ್ಟೆಯೇ ಸಾಕು. ಮನೆ ಎಷ್ಟೇ ಸ್ವಚ್ಛವಿರಲಿ, ವೈದ್ಯರನ್ನು ಕೇಳದೆ ಉಬ್ಬಸದ ಔಷಧಿ ನಿಲ್ಲಿಸಬೇಡಿ.